ನರಿ ಮದುವೆಯ ಕ್ಯಾಸೆಟ್ಟು

ನಮ್ಮೂರಿನಲ್ಲಿ ಹಳೆಯ ಸಾಮಾನು ಕೊಳ್ಳುವವರು ಮೊದಲು ಬೆಲೆ ಕೇಳುವುದಿಲ್ಲ, ಚಾಳಿ ಕೇಳುತ್ತಾರೆ. ಮೇಜು ಗಟ್ಟಿಯಿದೆಯೋ ಇಲ್ಲವೋ ಕೈಯಿಂದ ಕುಟ್ಟಿ ನೋಡಿದರೆ ತಿಳಿಯುತ್ತದೆ. ಅದರ ಹಿಂದೆ ಕೂತಿದ್ದವನು ಮಾತು ಮಾತಿಗೂ ಲೊಚಗುಟ್ಟುವ ಆಸಾಮಿಯಾಗಿದ್ದರೆ ನಾಳೆಯಿಂದ ನೀವೂ ಲೊಚಗುಟ್ಟಬೇಕಾಗುತ್ತದೆ, ಅದು ಕುಟ್ಟಿದರೆ ತಿಳಿಯುವುದಿಲ್ಲ. ಕೊಂಡ ಮೇಲೆ ಮೊದಲ ಊಟ ಮಾಡಿ ಕೈ ತೊಳೆದಿರೋ, ಹಿಂದಿನ ಒಡೆಯನ ಒಂದು ಚಾಳಿ ನಿಮ್ಮದಾಯಿತು. ಸಾಮಾನು ನಿಮ್ಮಲ್ಲಿರುವ ತನಕ ಅದೂ ಇರುತ್ತದೆ, ಕೈಬಿಟ್ಟ ದಿನ ಅದೂ ಬಿಟ್ಟುಹೋಗುತ್ತದೆ. ಅದಕ್ಕೇ ಅಂಗಡಿಗಳಲ್ಲಿ ‘ಉಂಡ ಮೇಲೆ ವಾಪಸ್ ಇಲ್ಲ’ ಎಂದು ಬೋರ್ಡು. ಬಾಳೆಹಣ್ಣು ಊಟವೋ ಅಲ್ಲವೋ ಎಂದು ಒಂದು ಕಾಲದಲ್ಲಿ ದೊಡ್ಡ ಪಂಚಾಯಿತಿಯೇ ನಡೆದು, ಒಂದು ಹಣ್ಣಾದರೆ ಅಲ್ಲ, ಚಿಪ್ಪಾದರೆ ಹೌದು ಎಂದು ತೀರ್ಮಾನವಾಗಿದೆ.

ಹೀಗಿರುವಾಗ ನಮ್ಮ ಜನ ಹೊಂದಿಕೊಂಡೇ ಬದುಕುತ್ತಾರೆ. ನಮ್ಮ ಡಾಕ್ಟರಮ್ಮ ಕೊಂಡ ಹಳೆಯ ಸ್ಕೂಟರಿನ ಮೇಲೆ ಕೂತರೆ ಆಕೆಯ ಕೈ ಪ್ರತಿ ಸಾರಾಯಿ ಅಂಗಡಿಯ ಮುಂದೆ ತಾನಾಗಿ ಬ್ರೇಕು ಹಿಡಿಯುತ್ತದೆ, ಆಕೆ ತಲೆ ಬಗ್ಗಿಸಿಕೊಂಡು ಮುಂದೆ ಹೋಗುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪುರಸಭೆಯವರು ಮುಚ್ಚಿಹೋದ ಯಾವುದೋ ಕಚೇರಿಯಿಂದ ತಂದ ಕುರ್ಚಿಯಲ್ಲಿ ಯಾರೇ ಕೂತರೂ ‘ನಾಳೆ ಬನ್ನಿ’ ಅನ್ನುತ್ತಾರೆ, ಅದಕ್ಕೆ ಜನ ಒಂದು ದಿನ ಮುಂಚೆಯೇ ಹೋಗುತ್ತಾರೆ. ನನ್ನ ಬಳೆ ಅಂಗಡಿಯ ಬೆತ್ತದ ಕುರ್ಚಿ ಹರಿಕಥೆ ದಾಸರೊಬ್ಬರದು. ವೇಣಕ್ಕ ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ ಎಂದು ಯಾರಾದರೂ ಆಡಿಕೊಂಡರೆ ನಾನು ಕುರ್ಚಿ ತೋರಿಸುತ್ತೇನೆ. ಕುರ್ಚಿ ಬರುವ ಮೊದಲು ನಾನು ಹೇಗಿದ್ದೆ ಎಂದು ನೆನಪಿರುವವರು ಈಗ ಹೆಚ್ಚಿಲ್ಲ, ಇರುವವರೂ ಬಾಯಿ ಬಿಡುವುದಿಲ್ಲ.

ರೈಲಿನ ಹಳಿ ಮುಗಿಯುವುದು ನಮ್ಮೂರಿನಲ್ಲಿ. ಎಲ್ಲೂ ಯಾರೂ ಇಳಿಸಿಕೊಳ್ಳದ ಸರಕು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಹಳಿಯ ತುದಿಯಲ್ಲಿರುವ ಗೂಡ್ಸ್ ಶೆಡ್ಡಿನಲ್ಲಿ ಖಾದರ್ ಸಾಬರು ಅದನ್ನು ಬಿಚ್ಚಿ ಮಾರುತ್ತಾರೆ. ಅವರ ಅಪ್ಪನ ಕಾಲದಿಂದಲೂ ಜಪಾನಿನ ಡಬ್ಬಗಳು ಬರುತ್ತಿವೆ, ಒಡೆದ ಮಿಕ್ಸರು, ಮಕ್ಕಳ ಕೊಡೆ, ಅನ್ನ ಮಾಡುವ ಕರೆಂಟು ಪಾತ್ರೆ, ಅವುಗಳ ನಡುವೆ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟುಗಳು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಬಣ್ಣದ ಚೀಟಿ, ಹಿಂದೆ ಯಾವುದೋ ಮಗು ಪೆನ್ನಿನಲ್ಲಿ ಬರೆದುಕೊಂಡ ಹೆಸರು. ಅವುಗಳ ಗಿರಾಕಿ ನಮ್ಮೂರಲ್ಲಿ ಒಬ್ಬನೇ. ಅವನೇ ನನ್ನ ಪಕ್ಕದ ಮನೆಯ ಸಿಂಗ್ರಪ್ಪ, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು.

ಇವನಿಗೆ ಈ ಹುಚ್ಚು ಹತ್ತಿದ್ದು ಹೇಗೆಂದರೆ, ಇನ್ನೂ ಮೀಸೆ ಕಪ್ಪಗಿದ್ದ ಕಾಲದಲ್ಲಿ ಒಂದು ದಿನ ಶೆಡ್ಡಿನಲ್ಲಿ ಖಾದರ್ ಸಾಬರ ಅಪ್ಪ ಒಂದು ಕ್ಯಾಸೆಟ್ಟನ್ನು ಟಿವಿಗೆ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಅದರಲ್ಲಿ ನರಿಗಳ ಮದುವೆ ಮೆರವಣಿಗೆ. ಬಿಸಿಲು ಮಳೆ ಎರಡೂ ಒಟ್ಟಿಗೆ ಬೀಳುತ್ತಿದೆ, ನರಿಗಳು ಕೆಂಪು ಲಾಟೀನು ಹಿಡಿದು ಸಾಲಾಗಿ ನಡೆಯುತ್ತಿವೆ, ಮುಂದೆ ನರಿಗಳದ್ದೇ ಬ್ಯಾಂಡು. ಬಿಸಿಲು ಮಳೆ ಬಂದರೆ ನರಿಗೆ ಮದುವೆ ಅಂತ ನಮ್ಮ ಮಕ್ಕಳೂ ಕುಣಿಯುತ್ತವಲ್ಲ, ಆ ವಿಷಯ ಜಪಾನಿನವರಿಗೂ ಗೊತ್ತಾದದ್ದು ಹೇಗೆ ಎಂದು ಸಿಂಗ್ರಪ್ಪ ಬಾಯಿ ತೆರೆದು ನಿಂತ. ಮೆರವಣಿಗೆ ಹೆಣ್ಣಿನ ಮನೆಗೆ ಬಂತು. ಬಾಗಿಲು ತೆರೆಯಿತು. ನರಿ ಬ್ಯಾಂಡು ಒಂದು ಹೊಸ ರಾಗ ಎತ್ತಿಕೊಂಡಿತು, ಎರಡು ಸ್ವರ ಕೇಳಿತು, ಕರೆಂಟು ಹೋಯಿತು. ಮತ್ತೆ ಬರುವಷ್ಟರಲ್ಲಿ ಸಿಂಗ್ರಪ್ಪನ ಬ್ಯಾಂಡು ಹೊರಡಬೇಕಿತ್ತು, ಮರುದಿನ ಬಂದರೆ ಕ್ಯಾಸೆಟ್ಟು ಯಾರೋ ಪರವೂರಿನವರಿಗೆ ಹೋಗಿತ್ತು. ಗಂಡಿನ ಕಡೆಯವರು ಹೆಣ್ಣಿನ ಮನೆ ಬಾಗಿಲಿಗೆ ಬಂದಾಗ ಏನು ನುಡಿಸಬೇಕು ಎಂಬುದೇ ಒಬ್ಬ ಬ್ಯಾಂಡಿನವನ ಜನ್ಮದ ಪ್ರಶ್ನೆ. ಅದಕ್ಕೆ ನರಿಗಳ ಉತ್ತರ ಏನಿತ್ತು ಎಂದು ತಿಳಿಯದೆ ಅವನಿಗೆ ಸಮಾಧಾನ ಇರಲಿಲ್ಲ.

ಅಂದಿನಿಂದ ಹುಡುಕಾಟ. ಜಪಾನಿ ಅಕ್ಷರ ಓದಲು ಬಾರದವನು ಚಿತ್ರ ನೋಡಿಯೇ ಕೊಳ್ಳಬೇಕು. ನರಿ ಅಂದುಕೊಂಡು ತಂದದ್ದು ಹೊಟ್ಟೆ ಗುಡಾಣದಂಥ ಬೇರೆ ಯಾವುದೋ ಪ್ರಾಣಿಯಾಗಿತ್ತು. ಲಾಟೀನು ಇದೆ ಎಂದು ತಂದದ್ದು ಹೋಟೆಲಿನ ಲೆಕ್ಕಾಚಾರದ ಆಟ. ಒಮ್ಮೆ ನಿಜವಾಗಿ ನರಿಯ ಚೀಟಿಯೇ ಸಿಕ್ಕಿತು, ಹಾಕಿ ನೋಡಿದರೆ ಒಳಗೆ ನಾಲ್ಕು ಮುದುಕರು ಹಲ್ಲಿನಂಥ ಬಿಲ್ಲೆ ಜೋಡಿಸುತ್ತ ಕೂತಿದ್ದರು, ಯಾರೋ ಹೊರಚಿಪ್ಪು ಬದಲಿಸಿದ್ದರು. ಬೇಸ್‌ಬಾಲ್ ಆಟದ ಕ್ಯಾಸೆಟ್ಟುಗಳಂತೂ ಗೋಣಿಚೀಲದ ತಳದಲ್ಲಿ ಆಲೂಗಡ್ಡೆಯ ಹಾಗೆ, ಬೇಡವೆಂದರೂ ಬರುತ್ತವೆ. ಜಪಾನಿನ ಯಂತ್ರಕ್ಕೆ ನಮ್ಮ ಕರೆಂಟು ಕೊಟ್ಟರೆ ಹೊಗೆ, ಕೊಡದಿದ್ದರೆ ಕತ್ತಲೆ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟ, ಅದು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಕ್ಯಾಸೆಟ್ಟಿನ ಅಂಚಿನ ಲೋಹದ ಹಲ್ಲು ತುಕ್ಕು ಹಿಡಿದಿದ್ದರೆ ಊದಬೇಕು, ಊದಿದರೆ ಉಗುಳು ಹಾರಿ ಇನ್ನಷ್ಟು ತುಕ್ಕು. ಕ್ಲಾರಿನೆಟ್ ಊದುವ ಬಾಯಿ ಅಲ್ಲವೇ, ಬಲವೂ ಹೆಚ್ಚು. ಇವೆಲ್ಲದರ ಮೇಲೆ ಕಳ್ಳ ಮಾಲು. ಹೊರಗೆ ಅಸಲಿಯ ಹಾಗೇ ಕಾಣುವ, ಯಾವನೋ ಮೊನ್ನೆ ಮೊನ್ನೆ ಅಚ್ಚು ಹಾಕಿದ ನಕಲಿ ಕ್ಯಾಸೆಟ್ಟುಗಳು.

ನಕಲಿ ಪತ್ತೆ ಮಾಡುವುದರಲ್ಲಿ ಮಾತ್ರ ನಮ್ಮೂರಿನವರನ್ನು ಬಿಟ್ಟರಿಲ್ಲ. ಕೊಂಡು ಊಟ ಮಾಡಬೇಕು. ಚಾಳಿ ಬಂತೋ, ಯಾವುದೋ ಮಗು ಆಡಿದ ಅಸಲಿ. ಬರಲಿಲ್ಲವೋ, ಯಾರೂ ಪ್ರೀತಿಯಿಂದ ಮುಟ್ಟದ ನಕಲಿ. ತೊಂದರೆ ಏನೆಂದರೆ, ತಿಳಿಯುವುದು ಉಂಡ ಮೇಲೆ, ಮತ್ತು ಉಂಡ ಮೇಲೆ ವಾಪಸ್ ಇಲ್ಲ.

ಹೀಗೆ ಜಪಾನಿನ ಮಕ್ಕಳ ಚಾಳಿಗಳೆಲ್ಲ ಒಂದೊಂದಾಗಿ ಸಿಂಗ್ರಪ್ಪನ ಮೈಗೆ ಬಂದವು. ಬಸ್ ಹತ್ತುವ ಮೊದಲು ಚಪ್ಪಲಿ ಕಳಚಿ ಮೆಟ್ಟಿಲ ಕೆಳಗೆ ಜೋಡಿಸಿಡುತ್ತಿದ್ದ, ಬಸ್ಸು ಹೊರಟ ಮೇಲೆ ಚಪ್ಪಲಿ ಊರಲ್ಲೇ ಇರುತ್ತಿತ್ತು. ಊಟದ ಎಲೆಗೆ ಕೈ ಮುಗಿಯುತ್ತಿದ್ದ. ಸಾಲು ಇಲ್ಲದ ಕಡೆಯೂ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಒಂದು ದಿನ ನ್ಯಾಯಬೆಲೆ ಅಂಗಡಿಯ ಹಿಂದಿನ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿದ್ದನ್ನು ನೋಡಿ, ಏನೋ ಕೊಡುತ್ತಾರೆಂದು ಜನ ಅವನ ಹಿಂದೆ ನಿಂತು, ಸಾಲು ಬಾವಿಕಟ್ಟೆ ದಾಟಿತು. ಕೊನೆಗೆ ಅಂಗಡಿಯವನು ಗಾಬರಿಯಾಗಿ ಹಿಂದಿನ ಕಿಟಕಿ ತೆರೆದು ಸಕ್ಕರೆ ಹಂಚಿಬಿಟ್ಟ.

ಇವೆಲ್ಲವನ್ನೂ ಅವನ ಹೆಂಡತಿ ತುಂಗಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಳು. ತುಂಗಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡುವವಳು, ಸಹನೆ ಅವಳಿಗೆ ಕೆಲಸದ ಪೈಕಿ. ಆದರೆ ಒಂದು ಕ್ಯಾಸೆಟ್ಟು ಮಾತ್ರ ಅವಳ ಪಾಲಿಗೆ ವರವಾಗಿ ಬಂತು. ಅದು ಯಾವುದೋ ಕಪ್ಪೆ ನೆಗೆಯುವ ಆಟ. ಅದನ್ನು ತಂದು ಉಂಡ ದಿನ ಸಿಂಗ್ರಪ್ಪ ಒಂದು ಮದುವೆ ಮೆರವಣಿಗೆಯಲ್ಲಿದ್ದ. ಕುದುರೆಯ ಮೇಲೆ ಮದುಮಗ, ಮುಂದೆ ಕುಣಿಯುವ ಸೋದರಮಾವಂದಿರು. ಹೆಂಚಿನ ಕಾರ್ಖಾನೆಯ ಐದರ ಸೈರನ್ ಕೂಗಿತು. ಸಿಂಗ್ರಪ್ಪ ಅರ್ಧ ರಾಗದಲ್ಲಿ ಕ್ಲಾರಿನೆಟ್ ಇಳಿಸಿ, ಎಲ್ಲರಿಗೂ ತಲೆ ಬಗ್ಗಿಸಿ, ನೆಟ್ಟಗೆ ಮನೆಗೆ ನಡೆದ. ಜಪಾನಿನಲ್ಲಿ ಸಂಜೆ ಐದಕ್ಕೆ ಊರಿಗೆಲ್ಲ ಕೇಳುವಂತೆ ಒಂದು ಹಾಡು ಹಾಕುತ್ತಾರೆ, ಆಡುವ ಮಕ್ಕಳೆಲ್ಲ ಮನೆ ಸೇರಬೇಕು ಎಂದು ಖಾದರ್ ಸಾಬರು ಆಮೇಲೆ ವಿವರಿಸಿದರು. ಮದುವೆಯಾದಂದಿನಿಂದ ಒಂದು ದಿನವೂ ಹೊತ್ತು ಮುಳುಗುವ ಮೊದಲು ಮನೆ ಕಾಣದ ಗಂಡ, ದಿನಾ ಐದಕ್ಕೆ ಬಾಗಿಲಲ್ಲಿ. ಬ್ಯಾಂಡಿನ ಯಜಮಾನ ಬೈದು ಬೈದು ಸುಸ್ತಾಗಿ ಅವನಿಗೆ ಬೆಳಗಿನ ಮದುವೆ ಮಾತ್ರ ಕೊಡತೊಡಗಿದ. ಗಂಡ ಹೆಂಡತಿ ಜಗಲಿಯ ಮೇಲೆ ಕೂತು ಕಾಫಿ ಕುಡಿಯುವುದನ್ನು ನಾನು ಅಂಗಡಿಯಿಂದಲೇ ನೋಡುತ್ತಿದ್ದೆ. ಮಾತು ಹೆಚ್ಚೇನಿಲ್ಲ. ಆದರೆ ತುಂಗಮ್ಮ ಕಾಫಿಗೆ ಕೂರುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದಳು.

ಬಾಚಿಕೊಂಡು ಸುಮ್ಮನಿದ್ದರೆ ಕಥೆಯೇ ಇರುತ್ತಿರಲಿಲ್ಲ. ನನ್ನ ಅಂಗಡಿಗೆ ಬಂದವರ ಮುಂದೆಲ್ಲ ಜಂಭ ಕೊಚ್ಚಿಕೊಂಡಳು. ಅದನ್ನು ಬಳೆ ತೊಡುತ್ತ ಕೇಳಿಸಿಕೊಂಡವರಲ್ಲಿ ಖಾದರ್ ಸಾಬರ ಹೆಂಡತಿ ಮೆಹರುನ್ನಿಸಾ ಒಬ್ಬಳು. ಅವಳ ಗಂಡನಿಗೆ ಶೆಡ್ಡೇ ಮನೆ, ಮನೆಯೇ ಗೋಡೌನು. ಅವಳು ಎದ್ದು ಹೋದಳು. ಅವತ್ತಿನಿಂದ ಖಾದರ್ ಸಾಬರ ತಟ್ಟೆಗೆ ತಣ್ಣಗಿನ ಅನ್ನ ಬೀಳತೊಡಗಿತು ಎಂದು ಆಮೇಲೆ ತಿಳಿಯಿತು.

ಅದಾದ ಕೆಲವು ದಿನಕ್ಕೆ ಗೂಡ್ಸ್ ಬಂತು. ಖಾದರ್ ಸಾಬರು ಸಿಂಗ್ರಪ್ಪನಿಗೆ ಹೇಳಿ ಕಳಿಸಿದರು. ಅವನು ಹೋದಾಗ ಅವರು ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿ ತೋರಿಸಿದರು. ಚೀಟಿಯ ಮೂಲೆ ಹರಿದಿತ್ತು. ಬಿಸಿಲು, ಮಳೆ, ಕೆಂಪು ಲಾಟೀನು, ಮುಂದಿನ ನರಿಯ ಬಾಯಲ್ಲಿ ಪೀಪಿ. ಹಿಂದೆ ಒಂದು ಮಗುವಿನ ಅಕ್ಷರದಲ್ಲಿ ಎರಡು ಹೆಸರು, ಒಂದರ ಕೆಳಗೊಂದು. ಯಂತ್ರಕ್ಕೆ ಹಾಕಿದರು. ಅದೇ ಮೆರವಣಿಗೆ. ಆದರೆ ಹಳ್ಳಿಯಿಂದ ಹೊರಡುವಲ್ಲಿಂದ ಶುರು, ಹೆಣ್ಣಿನ ಮನೆ ಎಷ್ಟು ದೂರವೋ. ಆಟವನ್ನು ನಡುವೆ ನಿಲ್ಲಿಸಿ ಮರುದಿನ ಅಲ್ಲಿಂದಲೇ ಮುಂದುವರಿಸಲು ಒಳಗೊಂದು ಗುಂಡು ಬ್ಯಾಟರಿ ಇರಬೇಕು, ಅದು ಸತ್ತು ಯಾವ ಕಾಲವಾಗಿತ್ತೋ. ಬೇರೆ ಬ್ಯಾಟರಿ ಹಾಕಿದರೆ ಚಾಳಿ ಕೆಡುತ್ತದೆ ಎಂಬುದು ಸಿಂಗ್ರಪ್ಪನ ನಂಬಿಕೆ. ಇರಲಿ, ಪ್ರತಿ ಸಲ ಮೊದಲಿಂದ ಆಡುತ್ತೇನೆ ಅಂದ. ಏನು ಕೊಡಬೇಕು ಎಂದು ಕೇಳಿದ. ಕೈಯಲ್ಲಿದ್ದ ಉಂಗುರ ತಿರುಗಿಸುತ್ತಲೂ ಇದ್ದ.

ಖಾದರ್ ಸಾಬರು ಆ ಕಡೆ ಈ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. “ದುಡ್ಡು ಬ್ಯಾಡ ಸಿಂಗ್ರಪ್ಪ. ಉಂಗುರಾನೂ ಬ್ಯಾಡ. ನಿನ್ ಐದ್ ಗಂಟೆ ಕೊಡು.”

ಸಿಂಗ್ರಪ್ಪ ಆಗಲ್ಲ ಅಂದ. ಮನೆಗೆ ಬಂದ. ಜಗಲಿಯಲ್ಲಿ ಕಾಫಿ ಕುಡಿದ. ತುಂಗಮ್ಮ ಅಂಗನವಾಡಿಯ ಒಂದು ಹುಡುಗಿ ಬಟಾಣಿಯನ್ನು ಮೂಗಿಗೆ ಹಾಕಿಕೊಂಡ ಕಥೆ ಹೇಳುತ್ತಿದ್ದಳು. ಅವನ ಕಿವಿಯಲ್ಲಿ ಆ ಎರಡು ಸ್ವರಗಳೇ. ಮಾರನೇ ದಿನ ಮಧ್ಯಾಹ್ನ ಕಪ್ಪೆ ಕ್ಯಾಸೆಟ್ಟನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಶೆಡ್ಡಿಗೆ ಹೋದ. ಕ್ಯಾಸೆಟ್ಟು ತುಂಬಿದ್ದ ಮನೆಯ ಟ್ರಂಕಿನಲ್ಲಿ ಅದರ ಜಾಗಕ್ಕೆ ಒಂದು ಬೇಸ್‌ಬಾಲ್ ಕ್ಯಾಸೆಟ್ಟು ಇಟ್ಟಿದ್ದ. ಚಾಳಿ ಹೋದರೇನು, ಐದು ಗಂಟೆಗೆ ಮನೆಗೆ ಬರಲು ಕಾಲಿಲ್ಲವೇ, ನಾನೇ ನಟನೆ ಮಾಡುತ್ತೇನೆ, ಅವಳಿಗೆ ತಿಳಿಯುವುದಾದರೂ ಹೇಗೆ ಎಂದು ಲೆಕ್ಕ ಹಾಕಿದ್ದ.

ನರಿಯನ್ನು ಹಿಡಿದು ಶೆಡ್ಡಿನಿಂದ ನೇರ ಹೋಟೆಲಿಗೆ ಹೋಗಿ, ತಿಂಡಿಯಲ್ಲ, ಪೂರಾ ಊಟವನ್ನೇ ಮಾಡಿದ. ಕೈ ತೊಳೆದು ಕಾದ. ಏನೂ ಆಗಲಿಲ್ಲ. ಕಾಲು ಕುಣಿಯಲಿಲ್ಲ, ಬಾಯಿ ಶಿಳ್ಳೆ ಹಾಕಲಿಲ್ಲ. ರಾತ್ರಿ ಮತ್ತೆ ಉಂಡ. ಬೆಳಿಗ್ಗೆ ತಿಂಡಿಯನ್ನು ಎರಡು ಸಲ ತಿಂದ. ಹೊಸ ಚಾಳಿಯ ಸುಳಿವೇ ಇಲ್ಲ. ಅಂದರೆ ನಕಲಿ. ತುಂಗಮ್ಮನ ಐದು ಗಂಟೆಯನ್ನು ಕೊಟ್ಟು ಯಾವನೋ ಅಚ್ಚು ಹಾಕಿದ ಪ್ಲಾಸ್ಟಿಕ್ ತಂದಂತಾಯಿತು. ಉಂಡಾಗಿದೆ, ವಾಪಸ್ಸಿಲ್ಲ. ಜಗಳವಾಡಿದರೆ ಖಾದರ್ ಸಾಬರ ಗಂಟಲು ದೊಡ್ಡದು, ಊರಿಗೇ ಗೊತ್ತಾಗುತ್ತದೆ. ನಕಲಿಯೇ ಆದರೂ ರಾಗ ಅದೇ ಇರಬಹುದೇನೋ ಎಂಬ ಆಸೆಯೊಂದೇ ಉಳಿಯಿತು, ಆದರೆ ನಕಲಿ ಮಾಡುವವರು ಕೊನೆಯ ಹಾಡನ್ನೆಲ್ಲ ಹಾಕುವ ಗೋಜಿಗೆ ಹೋಗುತ್ತಾರೆಯೇ ಎಂಬ ಹುಳವೂ ಜೊತೆಗೇ ಹೊಕ್ಕಿತು.

ಇತ್ತ ಮೆಹರುನ್ನಿಸಾ ನನ್ನ ಅಂಗಡಿಗೆ ಬಂದಳು. ಹಸಿರು ಬಳೆ ಬೇಕು ಅಂದಳು. ಯಾಕಮ್ಮ ಈಗ ಎಂದರೆ, ತನ್ನ ಯಜಮಾನರು ಸೈರನ್ ಕೂಗುತ್ತಿದ್ದಂತೆ ಶೆಡ್ಡಿನ ಬಾಗಿಲು ಎಳೆದು ಮನೆಗೆ ಬರುತ್ತಿದ್ದಾರೆ, ನಿನ್ನೆ ಮೊಮ್ಮಗಳಿಗೆ ಜಡೆ ಹಾಕಿದರು ಎಂದಳು. ತುಂಗಮ್ಮ ಅಲ್ಲೇ ಕೂತಿದ್ದಳು. ತೊಡುತ್ತಿದ್ದ ಬಳೆಯನ್ನು ಅರ್ಧಕ್ಕೇ ತೆಗೆದು ಪೆಟ್ಟಿಗೆಗೆ ಹಾಕಿದಳು. ಮೆಹರುನ್ನಿಸಾ ಹೋದ ಮೇಲೆ ಪೆಟ್ಟಿಗೆಯ ಬಳೆಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ನನಗೋ ಕುರ್ಚಿಯ ಮೇಲೆ ಕೂತು ಸುಮ್ಮನಿರುವುದು ಎಷ್ಟು ಕಷ್ಟ ನೋಡಿ.

“ನಿನ್ನೆನೂ ಐದಕ್ಕೇ ಬಂದ್ರಲ್ಲ ವೇಣಕ್ಕ,” ಅಂದಳು ಕೊನೆಗೆ.

ನಾನು ಬೀದಿಯ ಕಡೆ ಬೆರಳು ತೋರಿಸಿದೆ. ಮೂಲೆಯ ಚರಂಡಿ ಚಪ್ಪಡಿಯ ಮೇಲೆ ಸಿಂಗ್ರಪ್ಪ ಕೂತಿದ್ದ. ಮುಂಚೆಯೆಲ್ಲ ಅವನು ಗಡಿಯಾರ ನೋಡುತ್ತಿರಲಿಲ್ಲ, ಬಾಯಿಗಿಟ್ಟ ಬೋಂಡಾವನ್ನೂ ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದ. ಈಗ ಗಳಿಗೆಗೊಮ್ಮೆ ಕೈ ತಿರುಗಿಸಿ ನೋಡಿಕೊಳ್ಳುತ್ತ ಕಾಯುತ್ತಿದ್ದಾನೆ. ಸೈರನ್ ಕೂಗಿತು. ಎದ್ದು ಹಿಂಭಾಗದ ಧೂಳು ಕೊಡವಿಕೊಂಡು, ಮುಖದ ಮೇಲೆ ಜಪಾನಿನ ಮಗುವಿನ ಗಂಭೀರ ಭಾವ ತಂದುಕೊಂಡು ಮನೆಯ ಕಡೆ ಹೊರಟ. ಅದಕ್ಕೂ ಹೆಚ್ಚಿನದನ್ನು ನಾನು ನೋಡಿದ್ದೆ, ಅದನ್ನೂ ಹೇಳಿದೆ. ಮಧ್ಯಾಹ್ನವೆಲ್ಲ ಅವನು ಮನೆಯಲ್ಲೇ ಇರುತ್ತಾನೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ನನಗೆ ಗೋಡೆಯಾಚೆ ಕೇಳುತ್ತದೆ. ತುಂಗಮ್ಮ ಬರುವ ಹೊತ್ತಾಗುತ್ತಿದ್ದಂತೆ ಹಿಂದಿನ ಬಾಗಿಲಿಂದ ಹೊರಬಿದ್ದು ಚಪ್ಪಡಿಯ ಮೇಲೆ ಬಂದು ಕೂರುತ್ತಾನೆ. ಮನೆಗೆ ಬರುವುದಕ್ಕೋಸ್ಕರ ಮನೆಯಿಂದ ಹೊರಡುವ ಗಂಡಸನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ತುಂಗಮ್ಮ ಅಳುತ್ತಾಳೆ ಅಂದುಕೊಂಡೆ. ಅವಳ ತುಟಿ ನಡುಗಿದ್ದೂ ಹೌದು. ಆದರೆ ಅದು ಬೇರೆ ಕಡೆಗೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಆಮೇಲೆ ಇಬ್ಬರೂ ಕೂತು ಒಂದಿಷ್ಟು ಯೋಚನೆ ಮಾಡಿದೆವು. ಯೋಚನೆ ಅವಳದ್ದು, ನಾನು ಮಾತಿನ ಸಹಾಯ ಮಾಡಿದೆ ಅಷ್ಟೇ.

ಮರುದಿನ ಸಂಜೆ ಸಿಂಗ್ರಪ್ಪ ಬಂದು ಕಾಫಿ ಕುಡಿದು ಲೋಟ ಇಟ್ಟ. ತುಂಗಮ್ಮ ಅವನ ಮುಖವನ್ನೇ ನೋಡಿ, ಮೈ ಹುಷಾರಿಲ್ಲವೇ ಎಂದು ಕೇಳಿದಳು. ಚೆನ್ನಾಗೇ ಇದ್ದೇನಲ್ಲ ಅಂದ. “ಅಲ್ಲಾ, ಕಾಫಿ ಆದ್ ತಕ್ಷಣ ಎದ್ದು ಕಾಯಿ ತುರೀತಿದ್ರಲ್ಲ ದಿನಾ, ಕಪ್ಪೆ ಕ್ಯಾಸೆಟ್ಟಿನ್ ಚಾಳಿ. ಇವತ್ತು ಯಾಕೋ ಬರ್ಲೇ ಇಲ್ಲ?” ಎಂದಳು. ಸಿಂಗ್ರಪ್ಪನಿಗೆ ಅಂಥ ಚಾಳಿ ಇದ್ದದ್ದು ನೆನಪಿರಲಿಲ್ಲ. ಆದರೆ ಚಾಳಿ ಹತ್ತಿದವನಿಗೆ ತಾನು ಮಾಡಿದ್ದೆಲ್ಲ ನೆನಪಿರುವುದಿಲ್ಲ ಎಂಬುದು ನಮ್ಮೂರಿನಲ್ಲಿ ಎಲ್ಲರೂ ಒಪ್ಪಿದ ಮಾತು. ಇಲ್ಲ ಅಂದರೆ ಗುಟ್ಟು ಹೊರಬೀಳುತ್ತದೆ. ಈಗ ಬಂತು ನೋಡು ಎಂದು ಎದ್ದು ಹೋಗಿ ತುರಿಯುವ ಮಣೆಯ ಮೇಲೆ ಕೂತ. ಆ ವಾರವೇ ಕೊಡ ತೊಳೆಯುವ ಚಾಳಿಯೂ ಇದ್ದದ್ದು ಪತ್ತೆಯಾಯಿತು. ಆಮೇಲೆ ಹಾಸಿಗೆ ಝಾಡಿಸುವುದು. ಜಪಾನಿನ ಆ ಮಗು ಎಷ್ಟು ಒಳ್ಳೆಯದಿತ್ತು ಎಂದು ತುಂಗಮ್ಮ ಆಗಾಗ ನೆನೆಸಿಕೊಂಡು ಹೊಗಳುತ್ತಿದ್ದಳು. ಅವನ ತಾಯಿ ಪುಣ್ಯ ಮಾಡಿರಬೇಕು ಎಂದು ಸಿಂಗ್ರಪ್ಪನೂ ಹಲ್ಲು ಬಿಗಿಹಿಡಿದು ದನಿಗೂಡಿಸುತ್ತಿದ್ದ. ಸಂಜೆ ಮದುವೆಗಳಿಗೆ ಬ್ಯಾಂಡಿನ ಯಜಮಾನ ಕರೆದರೂ ಹೋಗುವಂತಿರಲಿಲ್ಲ, ಇಲ್ಲದ ಚಾಳಿಯ ನೆಪ ಹೇಳಬೇಕಿತ್ತು.

ಮಧ್ಯಾಹ್ನದ ಆಟವೂ ಸುಖವಾಗಿರಲಿಲ್ಲ. ದಿನಾ ಹಳ್ಳಿಯಿಂದ ಹೊರಡಬೇಕು. ಭತ್ತದ ಗದ್ದೆ ದಾಟಿ, ನಾಯಿಗಳಿಂದ ತಪ್ಪಿಸಿಕೊಂಡು, ಮರದ ಸೇತುವೆಗೆ ಬರಬೇಕು. ಸೇತುವೆಯ ಮೇಲೆ ಬಿಸಿಲು ಮಳೆ ಎರಡೂ ಇದ್ದಾಗ ಮಾತ್ರ ನರಿಗಳು ನಡೆಯಬಹುದು. ಒಂದು ನಿಂತರೂ ನರಿಗಳೂ ನಿಲ್ಲಬೇಕು, ಇಲ್ಲದಿದ್ದರೆ ಸಾಲು ಸಾಲೇ ಹೊಳೆಗೆ. ಮೆರವಣಿಗೆ ತಡವಾದರೆ ಮುಹೂರ್ತ ತಪ್ಪುತ್ತದೆ ಎಂಬ ಭಯದಲ್ಲೇ ಬೆಳೆದವನು ಸಿಂಗ್ರಪ್ಪ. ಅವನ ಹೆಬ್ಬೆರಳಿಗೆ ನಿಲ್ಲುವುದು ತಿಳಿಯದು. ನರಿಗಳು ಬಿದ್ದವು, ಲಾಟೀನುಗಳು ತೇಲಿಹೋದವು. ಸೇತುವೆಯ ಈಚೆ ದಡದಿಂದ ಮತ್ತೆ ಶುರು, ಮತ್ತೆ ಬೀಳುವುದು. ಸೋತಾಗಲೆಲ್ಲ ಅವನು ಗುಂಡಿಗಳಿದ್ದ ರಿಮೋಟನ್ನು ಎಡಗಡೆ ಚಾಪೆಯ ಮೇಲೆ ಇಟ್ಟು, ಖಾಲಿ ಜಾಗವನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದ. ಆಮೇಲೆ ತಾನೇ ಎತ್ತಿಕೊಳ್ಳುತ್ತಿದ್ದ. ಬೇಜಾರಿಗೆ ಹೀಗಾಗುತ್ತದೆ, ವಯಸ್ಸಾಯಿತು ಅಂದುಕೊಂಡಿದ್ದನಂತೆ.

ಒಂದು ದಿನ ಅಂಗನವಾಡಿಯಲ್ಲಿ ಗ್ಯಾಸು ಮುಗಿದು ಮಕ್ಕಳನ್ನು ಬೇಗ ಕಳಿಸಿದರು. ತುಂಗಮ್ಮ ನನ್ನ ಅಂಗಡಿಯಲ್ಲಿ ಸ್ವಲ್ಪ ಕೂತು, ಹೊಸ ಚಾಳಿ ಯಾವುದಾದರೂ ಹೊಳೆಯುತ್ತದೆಯೇ ಎಂದು ನನ್ನನ್ನು ಕೇಳಿ, ಏನೂ ಹೊಳೆಯದೆ ಮನೆಗೆ ಹೊರಟಳು. ಬಾಗಿಲು ಒರಗಿಸಿತ್ತು. ಒಳಗೆ ಗಂಡ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ಪೀಪಿ ಊದುವ ನರಿಯ ಚೀಟಿ ಯಂತ್ರದಿಂದ ಎದ್ದು ಕಾಣುತ್ತಿದೆ. ನರಿಗಳು ಸೇತುವೆಯ ನಡುವೆ ಇದ್ದವು. ಅವಳ ನೆರಳು ಟಿವಿಯ ಮೇಲೆ ಬಿತ್ತು. ನರಿಗಳು ಹೊಳೆಗೆ ಬಿದ್ದವು.

ಸಿಂಗ್ರಪ್ಪ ತಿರುಗಿದ. ಅವನಿಗೆ ಹೇಳಲು ಎಷ್ಟೋ ಸುಳ್ಳುಗಳು ಬಾಯಿಗೆ ಬಂದಿದ್ದವಂತೆ. ತುಂಗಮ್ಮ ಚಾಪೆಯ ಎಡಗಡೆಗೆ ಬಂದು ಕುಕ್ಕರುಗಾಲಲ್ಲಿ ಕೂತಳು, ಬೈಯಲು ಹತ್ತಿರವಿದ್ದರೆ ಅನುಕೂಲ ಎಂದು. ಅಷ್ಟರಲ್ಲಿ ಸಿಂಗ್ರಪ್ಪನ ಎರಡೂ ಕೈಗಳು ತಾವಾಗಿ ಮೇಲೆದ್ದವು. ರಿಮೋಟನ್ನು ಅಂಗೈಗಳ ಮೇಲೆ ಇಟ್ಟುಕೊಂಡು, ಪ್ರಸಾದ ಕೊಡುವವನ ಹಾಗೆ ಅವಳ ಮುಂದೆ ಹಿಡಿದ. ಬಾಯಿಯೂ ತಾನಾಗಿ ತೆರೆಯಿತು.

“ನಿನ್ ಸರದಿ,” ಅಂದ.

ಇಬ್ಬರೂ ಆ ಕೈಗಳನ್ನೇ ನೋಡಿದರು. ಮೊದಲು ಅರ್ಥವಾದದ್ದು ಸಿಂಗ್ರಪ್ಪನಿಗೆ. ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಹೆಸರು. ಸೋತವರು ಇನ್ನೊಬ್ಬರಿಗೆ ಕೊಡಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆ ಚಾಳಿ ಪಾಪ ಯಾರಿಗೆ ಕೊಟ್ಟೀತು, ಖಾಲಿ ಚಾಪೆಗೆ ಕೊಟ್ಟು ಕಾಯುತ್ತಿತ್ತು. ಅವನು ಎದ್ದು ನಿಂತು, ಅಸಲಿ ಕಣೇ, ಅಸಲಿ, ನಕಲಿಯಲ್ಲ ಎಂದು ಟ್ರಾನ್ಸ್‌ಫಾರ್ಮರಿನ ಸುತ್ತ ಒಂದು ಸುತ್ತು ಬಂದ. ಕಪ್ಪೆ ಕೊಟ್ಟು ತಂದದ್ದು ಸುಳ್ಳಾಗಲಿಲ್ಲ, ಖಾದರ್ ಮೋಸ ಮಾಡಲಿಲ್ಲ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಮೇಲೆ, ತಾನು ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿತು. ಮೆಲ್ಲಗೆ ಕೂತುಕೊಂಡ.

“ಗೊತ್ತು,” ಅಂದಳು ತುಂಗಮ್ಮ. “ಮೆಹರುನ್ನಿಸಾ ಹಸಿರು ಬಳೆ ತೊಡ್ಸ್ಕೊಂಡ್ ದಿನಾನೇ ಗೊತ್ತಾಯ್ತು.”

ಸಿಂಗ್ರಪ್ಪ ಚಾಪೆಯ ಎಳೆ ಕಿತ್ತ. “ಹಂಗಾದ್ರೆ ಆ ಕಾಯಿ ತುರಿಯೋದು?”

“ಅದು ಜಪಾನಿಂದಲ್ಲ. ನಂದು.”

“ಕೊಡ ತೊಳೆಯೋದು?”

“ವೇಣಕ್ಕಂದು.”

ಚರಂಡಿ ಚಪ್ಪಡಿಯ ಮೇಲೆ ಕಾದು ಕೂತದ್ದೂ ನಿಮ್ಮಿಬ್ಬರಿಗೂ ಗೊತ್ತೇ ಎಂದು ಕೇಳಿದ. ಅದನ್ನು ನೋಡಿಯೇ ಸಿಟ್ಟು ಹೋಯಿತು ಎಂದು ತುಂಗಮ್ಮ ಟಿವಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಕಪ್ಪೆ ಇದ್ದಾಗ ಮಗುವೊಂದು ಮನೆಗೆ ಬರುತ್ತಿತ್ತು, ಆಮೇಲೆ ಬರುತ್ತಿದ್ದದ್ದು ಗಡಿಯಾರ ನೋಡಿಕೊಂಡು ಬರುವ ಗಂಡಸು, ಅದೂ ಚರಂಡಿ ವಾಸನೆ ಸಹಿಸಿಕೊಂಡು ಎಂದಳು. ಅಷ್ಟು ಹೇಳಿ, ಇದನ್ನು ಹೇಗೆ ಹಿಡಿಯುವುದು, ಯಾವ ಗುಂಡಿ ಒತ್ತಿದರೆ ನರಿ ನಡೆಯುತ್ತದೆ ಎಂದು ಕೇಳಿದಳು.

ಅವನು ತೋರಿಸಿಕೊಟ್ಟ. ತುಂಗಮ್ಮ ಸೇತುವೆಗೆ ಕಾಲಿಟ್ಟಳು. ಬಿಸಿಲು ಮಳೆ ಬಂದಾಗ ನಡೆದಳು. ಮಳೆ ನಿಂತಾಗ ನಿಂತಳು. ನಡಿ, ನಡಿ, ಹೊತ್ತಾಯಿತು ಎಂದು ಸಿಂಗ್ರಪ್ಪ ಪಕ್ಕದಲ್ಲಿ ಒದ್ದಾಡಿದ. ಅವಳು ನಡೆಯಲಿಲ್ಲ. ನಲ್ಲಿಯಲ್ಲಿ ನೀರು ಬರುವುದನ್ನು, ಗ್ಯಾಸು ಬರುವುದನ್ನು, ಇವನು ಬರುವುದನ್ನು ಕಾದು ಕಾದು ಪಳಗಿದ ಕೈ ಅದು. ನರಿಗಳು ಒಂದೂ ಜಾರದೆ ಸೇತುವೆ ದಾಟಿ ಗುಡ್ಡ ಹತ್ತತೊಡಗಿದವು. ಅವಳು ಸೋಲದೆ ರಿಮೋಟು ವಾಪಸ್ ಬರುವಂತಿಲ್ಲ, ಅವಳಿಗೋ ಕೊಡುವ ಚಾಳಿಯಿಲ್ಲ, ಕ್ಯಾಸೆಟ್ಟು ಕೊಂಡವನು ಇವನಲ್ಲವೇ. ಹೆಂಚಿನ ಕಾರ್ಖಾನೆಯ ಐದರ ಸೈರನ್ ಕೂಗಿತು. ತುಂಗಮ್ಮ ಕಣ್ಣು ಕದಲಿಸದೆ ಕಾಯಿ ಒಡೆದಿಟ್ಟಿದೆ ಅಂದಳು. ಸಿಂಗ್ರಪ್ಪ ಎದ್ದು ಅಡುಗೆಮನೆಗೆ ಹೋದ.

ತುರಿಯುವ ಮಣೆಯ ಮೇಲೆ ಅರ್ಧ ಹೋಳು ಮುಗಿಸಿರಲಿಲ್ಲ, ಒಳಗಿನಿಂದ ಆ ಎರಡು ಸ್ವರ ಕೇಳಿದವು. ಆಮೇಲೆ ಮೂರನೆಯದು, ನಾಲ್ಕನೆಯದು. ಹೆಣ್ಣಿನ ಮನೆ ಬಾಗಿಲು ತೆರೆದಿತ್ತು. ಅವನ ಕೈ ತನ್ನಷ್ಟಕ್ಕೆ ಕರ್ ಕರ್ ಎಂದು ತುರಿಯುತ್ತಲೇ ಇತ್ತು, ನಿಲ್ಲಿಸಬೇಕೆಂದು ಹೊಳೆಯುವಷ್ಟರಲ್ಲಿ ರಾಗದ ನಡುಭಾಗ ಆ ಸದ್ದಿನಲ್ಲಿ ಮುಳುಗಿಹೋಗಿತ್ತು. ಕೊನೆಯ ತುಣುಕು ಮಾತ್ರ ಚೆನ್ನಾಗಿ ಕೇಳಿತು. ಗೋಡೆಯಾಚೆ ಕೂತಿದ್ದ ನನಗೂ ಕೇಳಿತು. ಅಳುವವರು ಅಳು ನಿಲ್ಲಿಸಿ ಮೂಗು ಒರೆಸಿಕೊಂಡು ಒಳಗೆ ಬನ್ನಿ ಅನ್ನುವ ಹಾಗಿತ್ತು. ಸಿಂಗ್ರಪ್ಪ ಕೈತುಂಬ ಕಾಯಿತುರಿ ಹಿಡಿದುಕೊಂಡೇ ಓಡಿ ಬಂದು ಇನ್ನೊಂದು ಸಲ ಹಾಕು ಅಂದ.

“ಬ್ಯಾಟ್ರಿ ಸತ್ತಿದೆ ಅಂದ್ರಲ್ಲ. ಮತ್ತೆ ಹಳ್ಳಿಯಿಂದ ಹೊರಡ್ಬೇಕು,” ಅಂದಳು ತುಂಗಮ್ಮ. “ಕಾಯಿ ಆಯ್ತಾ?”

ಮಾರನೇ ದಿನವೂ ಹೊರಟರು, ಅದರ ಮಾರನೇ ದಿನವೂ. ಆದರೆ ಸಿಂಗ್ರಪ್ಪ ಪಕ್ಕದಲ್ಲಿ ಕೂತರೆ ಬಾಯಿ ಹಾಕುತ್ತಾನೆ, ನರಿಗಳು ಹೊಳೆಗೆ ಬೀಳುತ್ತವೆ. ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ಬರುತ್ತಿದ್ದರೆ ಮಾತ್ರ ತುಂಗಮ್ಮನ ಕೈ ನೆಮ್ಮದಿಯಿಂದ ಆಡುತ್ತದೆ. ರಾಗ ಕೇಳಲೆಂದು ಅವನು ತುರಿಯುವುದನ್ನು ನಿಲ್ಲಿಸಿದನೋ, ಇವನು ಇಣುಕುತ್ತಿದ್ದಾನೆಂದು ಅವಳು ತಿರುಗುತ್ತಾಳೆ, ಹೆಣ್ಣಿನ ಮನೆಯ ಹೊಸ್ತಿಲಲ್ಲೇ ಮೆರವಣಿಗೆ ಮುಗ್ಗರಿಸುತ್ತದೆ. ಹಾಗಾಗಿ ಆ ನಡುಭಾಗ ಅವನಿಗೆ ಇವತ್ತಿಗೂ ಸಿಕ್ಕಿಲ್ಲ. ಅವರ ಮನೆಯಲ್ಲಿ ದಿನಾ ಕಾಯಿ ಚಟ್ನಿ, ಮಿಕ್ಕಿದ್ದು ನಮ್ಮ ಮನೆಗೆ.

ಈಗ ಸಂಜೆ ಮದುವೆಗಳಿಗೂ ಸಿಂಗ್ರಪ್ಪ ಹೋಗುತ್ತಾನೆ, ಮನೆಯಲ್ಲಿ ಕೇಳಿಕೊಂಡು. ಗಂಡಿನ ಕಡೆಯವರು ಬಾಗಿಲಿಗೆ ಬಂದರೆ ನಮ್ಮೂರಿನ ಬ್ಯಾಂಡು ನರಿ ಮದುವೆಯ ರಾಗವನ್ನೇ ನುಡಿಸುತ್ತದೆ. ನಡುವೆ ಒಂದು ಕಡೆ ಕ್ಲಾರಿನೆಟ್ ನಿಲ್ಲುತ್ತದೆ. ಡ್ರಮ್ಮಿನವನು ಕೋಲಿನಿಂದ ತಗಡಿನ ಅಂಚನ್ನು ಕರ್ ಕರ್ ಎಂದು ಉಜ್ಜುತ್ತಾನೆ. ಆಮೇಲೆ ಕ್ಲಾರಿನೆಟ್ ಮತ್ತೆ ಎತ್ತಿಕೊಂಡು ಮುಗಿಸುತ್ತದೆ. ಆ ಕರ್ ಕರ್ ಬರುವಾಗ ಮದುಮಗ ತಲೆ ಬಗ್ಗಿಸಿ ನಿಲ್ಲಬೇಕು ಎಂದು ಈಚೆಗೆ ಹಿರಿಯರು ಶಾಸ್ತ್ರ ಮಾಡಿದ್ದಾರೆ, ಜಪಾನಿನ ದೊಡ್ಡಮನೆಗಳ ಪದ್ಧತಿಯಂತೆ ಅದು. ಮೊನ್ನೆ ಮೆಹರುನ್ನಿಸಾಳ ಕಿರಿಯ ಮಗಳ ಮದುವೆಯಲ್ಲೂ ಅಳಿಯ ಹಾಗೇ ನಿಂತಿದ್ದ. ನಾನು ತುಂಗಮ್ಮನ ಕಡೆ ನೋಡಲಿಲ್ಲ, ಅವಳೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಗು ತಡೆಯದೆ ಇಬ್ಬರೂ ಅಲ್ಲಿಂದ ಎದ್ದು ಹೋಗಬೇಕಾಗುತ್ತಿತ್ತು.